ಎಡಬಿಡದೆ

ಮಗಳು ತಾಯಿಯನ್ನು ಏನು ಮಾಡಿದಳು? ಹಾಸಿಗೆ ಹಿಡಿದಿದ್ದ ದರ್ಜಿಯ ತಲೆಯನ್ನು ಈಗ ಇದೊಂದೇ ಪ್ರಶ್ನೆ ಕೊರೆಯುತ್ತಿತ್ತು. ಆಸ್ಪತ್ರೆಯಿಂದ ಬಂದಂದಿನಿಂದ ಹೆಂಡತಿಯ ಮುಖ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಮದುವೆಯಾದ ಮೇಲೆ ಒಂದು ರಾತ್ರಿಯೂ ಅವನನ್ನು ಬಿಟ್ಟು ಇದ್ದವಳಲ್ಲ ಅವಳು.

ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ, ಕತ್ತರಿ ಹಿಡಿದು ನಿಂತಲ್ಲೇ ಕುಸಿದಿದ್ದ. ಜೀವ ಉಳಿಯಿತು. ಕಾಲು ಮಾತ್ರ ಇನ್ನೂ ಹೇಳಿದ ಮಾತು ಕೇಳುತ್ತಿರಲಿಲ್ಲ. ಬುದ್ಧಿ ನೆಟ್ಟಗಿತ್ತು, ಅಥವಾ ಹಾಗೆಂದು ಅವನು ನಂಬಿದ್ದ. ಮನೆಯಲ್ಲಿ ನಡೆಯುತ್ತಿದ್ದುದು ಮಾತ್ರ ಒಂದೂ ನೆಟ್ಟಗಿರಲಿಲ್ಲ.

ಮೊದಲನೆಯದಾಗಿ ಅರೆಹೊಟ್ಟೆ. ತಟ್ಟೆ ಖಾಲಿ ಮಾಡಿ ಇನ್ನೂ ಹಸಿವು ಎಂದರೆ ಮಗಳು ಅದರ ಅಂಚು ಹಿಡಿದು ಏನೋ ಮಾಡುತ್ತಿದ್ದಳು. ಮತ್ತೆ ನೋಡಿದರೆ ಊಟ ಇರುತ್ತಿತ್ತು. ಮೊದಲೇ ಬಡಿಸಲು ಏನು ದಾಡಿ? ಕೈಗೆ ಕೆಲಸವಿರಲಿ ಎಂದು ಒಮ್ಮೆ ಬಟ್ಟೆ ಹರಡಿ, ಸೀಮೆಸುಣ್ಣ ಕೊಟ್ಟು, ಒಂದು ಅಂಗಿ ಬರೆಯಲು ಹೇಳಿದಳು. ಕಣ್ಣು ಮುಚ್ಚಿ ಬರೆಯಬಲ್ಲ ಕೈ ಅದು. ಬರೆದು ಮುಗಿಸಿದರೆ, ಇನ್ನೊಂದು ತೋಳು ಎಲ್ಲಿ ಎಂದು ಕೇಳಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಪ್ಪನ ಕಸುಬನ್ನೇ ಆಡಿಕೊಂಡು ನಗುವ ಮಗಳು. ಅವನಿಗೆ ಮೈ ಉರಿದುಹೋಯಿತು.

ಮರ್ಯಾದೆಯಂತೂ ಮನೆಯಿಂದ ಗಂಟುಮೂಟೆ ಕಟ್ಟಿತ್ತು. ಮಾತಾಡುತ್ತಿದ್ದವರು ಮಂಚದ ಕಾಲದೆಸೆ ದಾಟಿದರೆ ಸಾಕು, ಹೇಳದೆ ಕೇಳದೆ ಮಾಯ.

ಆಸ್ಪತ್ರೆಯಿಂದ ಹೊರಡುವಾಗ ಡಾಕ್ಟರು ಮಗಳಿಗೆ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು. "ಅವರಿಗೆ ಯಾವುದರ ಮೇಲೆ ಜೀವವೋ ಅದನ್ನ ಸುಲಭವಾಗಿ ಕಣ್ಮುಂದೆ ಇಡಬೇಡಿ. ಅವರೇ ಹುಡುಕ್ಕೊಳ್ಳಲಿ." ಸಿಗರೇಟಿನ ವಿಷಯ ಇರಬೇಕೆಂದು ಆಗ ಸುಮ್ಮನಿದ್ದ. ಈಗ ಅನುಮಾನ ಬಲಿಯಿತು. ತಾಯಿಗೂ ಮಗಳಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ.

ಕೊನೆಗೊಂದು ದಿನ ನೇರವಾಗಿ ಕೇಳಿಯೇಬಿಟ್ಟ. ಮಗಳ ಕಣ್ಣು ತುಂಬಿತು.

"ಅಮ್ಮ ಎಲ್ಲೂ ಹೋಗಿಲ್ಲಪ್ಪ. ನಿನ್ನ ಪಕ್ಕದಲ್ಲೇ ಇದಾಳೆ."

ಸಾವಿನ ಮನೆಯಲ್ಲಿ ಆಡುವ ಮಾತು ಅದು. ಅವನ ಎದೆ ಒಡೆಯಿತು. ಗೋಡೆ ನೋಡುತ್ತ ಮಗುವಿನಂತೆ ಅತ್ತ.

ಆದರೆ ಸತ್ತವರು ಕರೆಯುತ್ತಾರೆಯೇ? ಆಗಾಗ ಅವಳ ದನಿ ಕೇಳುತ್ತಿತ್ತು. "ರೀ, ಇಲ್ಲಿ ನೋಡಿ. ಒಂದ್ಸಲ ಇಲ್ಲಿ ನೋಡಿ." ತಟ್ಟನೆ ತಿರುಗಿದರೆ ಬಾಗಿಲು, ಬಾಗಿಲಿನಾಚೆ ಪಕ್ಕದ ಕೋಣೆ. ಅವನಿಗೆ ಹೊಳೆದದ್ದು ಆಗಲೇ. ಪಕ್ಕದಲ್ಲೇ ಎಂದರೆ ಪಕ್ಕದ ಕೋಣೆ. ಮಗಳು ಹೆತ್ತ ತಾಯಿಯನ್ನು ಕೂಡಿಹಾಕಿದ್ದಾಳೆ.

ಅಂದು ಮಗಳು ಕೆಲಸಕ್ಕೆ ಹೊರಟವಳು ಹೊಸ್ತಿಲಲ್ಲಿ ನಿಂತು, "ಎದೆ ಹಿಡಿದ ಹಾಗಾದ್ರೆ ತಕ್ಷಣ ಮಾತ್ರೆ ತಗೋ, ಉದಾಸೀನ ಮಾಡ್ಬೇಡ" ಎಂದಳು. ಕೆಟ್ಟಿರುವುದು ತಲೆ, ಎದೆಯಲ್ಲ ಎಂಬುದನ್ನೂ ಮರೆತವಳಿಗೆ ಏನು ಹೇಳುವುದು?

ಮಧ್ಯಾಹ್ನ ಎಲ್ಲೋ ಬಟ್ಟೆಯ ಗಂಟು ಬಿದ್ದಂತೆ ಧೊಪ್ಪೆಂದಿತು. ಹಿಂದೆಯೇ ಅವಳ ದನಿ, ಈ ಬಾರಿ ಕಿತ್ತುಕೊಂಡು ಬಂದಂತೆ. "ರೀ... ಇಲ್ಲಿ..."

ಅವನು ದಿಂಬಿನಡಿಯ ಫೋನು ತೆಗೆದು ಪೊಲೀಸರಿಗೆ ಮಾಡಿದ. ಹೆಂಡತಿಯನ್ನು ಕೂಡಿಹಾಕಿದ್ದಾರೆ, ನರಳುತ್ತಿದ್ದಾಳೆ, ಬೇಗ ಬನ್ನಿ ಎಂದು ವಿಳಾಸ ಹೇಳಿದ. ಆಮೇಲೆ ಬಾಗಿಲಿನ ಕಡೆ ಮುಖ ಮಾಡಿ ಕೂಗಿದ.

"ಇನ್ನೇನು ಬರ್ತಾರೆ ಕಣೇ. ಸ್ವಲ್ಪ ತಡ್ಕೋ. ನಾನು ಇಲ್ಲೇ ಇದೀನಿ."

ನರಳಾಟ ಸಣ್ಣದಾಯಿತು. ಆಮೇಲೆ ನಿಂತಿತು. ಅವಳಿಗೆ ಧೈರ್ಯ ಬಂದಿರಬೇಕು ಎಂದುಕೊಂಡ.

ಬಂದ ಪೊಲೀಸಿನವನು ಮೊದಲು ಪಕ್ಕದ ಕೋಣೆಗೆ ಹೋದ. ಅಲ್ಲಿ ಹೊಲಿಗೆಯಂತ್ರ ಬಿಟ್ಟರೆ ನರಪಿಳ್ಳೆಯೂ ಇಲ್ಲ ಎಂದ. ತಿರುಗಿ ಮಂಚದ ಬಳಿ ಬಂದವನು ಗಕ್ಕನೆ ನಿಂತ. ಅವನ ದನಿ ಇಳಿಯಿತು.

"ನಿಮ್ಮ ಮನೆಯವರು ನೋಡೋಕೆ ಹೇಗಿದಾರೆ?"

ದರ್ಜಿ ಹೇಳಿದ: ನರೆತ ಕೂದಲು, ಬಡಕಲು ಮೈ, ಕನ್ನಡಕದ ಒಂದು ಕಾಲು ಮುರಿದಿದೆ, ತಾನೇ ನೀಲಿ ದಾರ ಸುತ್ತಿ ಕೊಟ್ಟಿದ್ದೇನೆ.

ಪೊಲೀಸಿನವನು ಮಂಚದ ಕಾಲದೆಸೆ ದಾಟಿದ. ಅವನೂ ಮಾಯವಾದ. ದನಿ ಮಾತ್ರ ಬಂತು.

"ಯಜಮಾನ್ರೇ, ಆ ಕನ್ನಡಕ ಇಲ್ಲಿದೆ."

"ಅವಳು?"

"ಅವರೂ ಇಲ್ಲೇ ಇದಾರೆ. ಕುರ್ಚಿಯಿಂದ ಬಿದ್ದಿದಾರೆ. ನಿಮ್ಮ ಎಡಗೈ ಹಿಡ್ಕೊಂಡೇ ಇದಾರೆ. ಉಸಿರಿಲ್ಲ."

"ಎಲ್ಲಿ?" ಎಂದು ದರ್ಜಿ ಮತ್ತೆ ಬಲಗಡೆಯ ಬಾಗಿಲನ್ನೇ ನೋಡಿದ.

ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದಂದಿನಿಂದ ಅವನ ಪಾಲಿಗೆ ಲೋಕದ ಎಡಭಾಗವೇ ಅಳಿಸಿಹೋಗಿತ್ತು. ಅವನು ಒಂದು ಸಲವಾದರೂ ತಾನಾಗಿ ಆ ಕಡೆ ತಿರುಗಲಿ ಎಂದು, ಡಾಕ್ಟರು ಹೇಳಿದಂತೆ, ಹೆಂಡತಿ ಇಷ್ಟು ದಿನವೂ ಮಂಚದ ಎಡಕ್ಕೆ ಎಡಬಿಡದೆ ಕೂತಿದ್ದಳು.