ಹದಿಮೂರನೆಯ ಚೀಟಿ

ಹೊಸ ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದ ಹದಿಮೂರು ಜನರ ತಂಡ ಎರಡು ಪಾಲಾಗಿತ್ತು. ಅಂಕಿ ಕೇಳಿದ ಕಡೆ ಅಕ್ಷರ ಬಂದರೆ ಭಾಷೆ ಅದನ್ನು ಒಪ್ಪಲೇಕೂಡದು ಎಂಬುದು ಚಿದಂಬರನ ಪಟ್ಟು. ಅರ್ಥ ಮಾಡಿಕೊಂಡು ಅಂಕಿಯಾಗಿಯೇ ತೆಗೆದುಕೊಳ್ಳಲಿ ಎಂಬುದು ಮುಕ್ತಾಳ ವಾದ.

“ಬರೆದವರ ಮನಸ್ಸಲ್ಲಿ ಏನಿತ್ತು ಅಂತ ಊಹಿಸ್ತಾ ಕೂರೋಕಾಗಲ್ಲ ಮೇಡಂ. ತಪ್ಪು ಅಂದ್ರೆ ತಪ್ಪು!” ಎಂದು ಎರಡು ವರ್ಷದಿಂದ ಅವನು ಗುಡುಗುತ್ತಲೇ ಬಂದಿದ್ದ.

ಕೊನೆಗೆ ಮತಕ್ಕೆ ಹಾಕಿದರು. ಚಿದಂಬರನ ಪರವಾದರೆ 1, ಮುಕ್ತಾಳ ಪರವಾದರೆ 2 ಎಂದು ಅಂಕಿಯಲ್ಲಿ ಬರೆಯಬೇಕಿತ್ತು. ಆರಕ್ಕೆ ಆರು ಸಮವಾಯಿತು. ಉಳಿದ ಒಂದೇ ಚೀಟಿಯನ್ನು ಬಿಡಿಸಿದರೆ, ಅದರಲ್ಲಿ ಅಕ್ಷರದಲ್ಲಿ ‘ಒಂದು’ ಎಂದಿತ್ತು.

“ಅಂಕಿ ಕೇಳಿದ್ವಿ, ಅಕ್ಷರ ಬಂದಿದೆ. ಇದು ನಡೆಯಲ್ಲ,” ಎಂದಳು ಮುಕ್ತಾ.

ಚಿದಂಬರ ಹಣೆಯ ಬೆವರು ಒರೆಸಿಕೊಂಡ. “ಅಯ್ಯೋ, ಅರ್ಥ ಆಗ್ತಿದೆಯಲ್ಲ ಮೇಡಂ, ಸೇರಿಸ್ಕೊಳ್ಳಿ!”