ಮೇಜಿನ ಪಾಲು

ಮೇಜಿನೊಳಗೆ ಅರ್ಧ ಇಳಿದ ಗರಗಸ ಕಚ್ಚಿಕೊಂಡು ನಿಂತುಬಿಟ್ಟಿತು. ಈ ತುದಿಯಿಂದ ಬಡಗಿ ಜಗ್ಗಿದ, ಆ ತುದಿಯಿಂದ ಅವನ ಭಾಮೈದ ಜಗ್ಗಿದ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ರಾಜ್ಯ ಎರಡಾಗಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಅಷ್ಟರವರೆಗೆ ಕಾಯುವ ತಾಳ್ಮೆ ಈ ಕಚೇರಿಯ ಬೆಟ್ಟದ ಕಡೆಯವರಿಗೂ ಇರಲಿಲ್ಲ, ಬಯಲಿನ ಕಡೆಯವರಿಗೂ ಇರಲಿಲ್ಲ. ಹದಿನಾರು ಜನ ಕೂರುವ ಮೇಜನ್ನು ಮೊದಲೇ ಪಾಲು ಮಾಡಿಕೊಡಿ ಎಂದಿದ್ದರು. ಆ ಮೇಜನ್ನು ಮಾಡಿದ್ದು ಬಡಗಿಯ ಅಪ್ಪ. “ರಾಜ್ಯ ಎರಡಾದ್ರೇನೇ ನೆಮ್ಮದಿ ಭಾವ,” ಎಂದು ಭಾಮೈದ ಬೆಳಗಿನಿಂದ ಅವನ ತಲೆ ತಿನ್ನುತ್ತಿದ್ದ.

“ಕೊಯ್ದಂಗೆಲ್ಲಾ ನಡು ಕುಸೀತಿದೆ, ಅದಕ್ಕೇ ಗರಗಸ ಸಿಕ್ಕಾಕೊಂಡಿದೆ,” ಎಂದ ಬಡಗಿ. “ಕೆಳಗಿಂದ ಎತ್ತಿ ಹಿಡೀಬೇಕು. ಎರಡೂ ಕಡೆಯವರು ಬನ್ನಿ, ಒಬ್ಬಿಬ್ಬರ ಕೈಲಾಗಲ್ಲ.”

ಮುಖ ಗಂಟಿಕ್ಕಿಕೊಂಡೇ ಎಂಟು ಜನ ಮೇಜಿನಡಿಗೆ ನುಸುಳಿ, ಭುಜಕ್ಕೆ ಭುಜ ತಾಗಿಸಿ ಬೆನ್ನು ಕೊಟ್ಟರು. ಬೆಟ್ಟದ ಕಡೆಯ ಹೆಡ್ ಕ್ಲಾರ್ಕರ ಬೋಳುತಲೆಯ ಮೇಲೆ ಮರದ ಹೊಟ್ಟು ಸುರಿಯಿತು.

“ಅಂತೂ ತಲೆ ಮೇಲೆ ಏನೋ ಬೆಳೀತಲ್ಲಾ ಸಾರ್!” ಎಂದಳು ಬಯಲಿನ ಟೈಪಿಸ್ಟಮ್ಮ.

“ನಗಿಸ್ಬೇಡಮ್ಮಾ, ಮೇಜು ಬಿದ್ದೋಗುತ್ತೆ!” ಎನ್ನುತ್ತಲೇ ಹೆಡ್ ಕ್ಲಾರ್ಕು ಬಿದ್ದು ಬಿದ್ದು ನಕ್ಕರು. ನಗು ಎಂಟೂ ಬೆನ್ನುಗಳಿಗೆ ಹತ್ತಿತು. ಇಡೀ ಮೇಜು ಗಡಗಡ ಕುಲುಕಿತು. ಆ ಕುಲುಕಾಟಕ್ಕೆ ಗರಗಸ ಸಲೀಸಾಗಿ ಕಳಚಿ ಭಾಮೈದನ ಕೈಗೆ ಬಂತು.

“ಬಂತೇನ್ರಪ್ಪಾ?” ಎಂದು ಕೆಳಗಿನಿಂದ ಕೇಳಿದರು.

ಬಡಗಿ ಭಾಮೈದನತ್ತ ನೋಡಿದ. ಭಾಮೈದ ಗರಗಸವನ್ನು ಸದ್ದಾಗದಂತೆ ಗೋಡೆಗೆ ಒರಗಿಸಿ, ಬಗ್ಗಿ ಕೂಗಿದ:

“ಎಲ್ಲಿ ಬಂತು ಸಾರ್! ಇನ್ನೂ ಸ್ವಲ್ಪ ಹೊತ್ತು ಹಂಗೇ ಇರಿ!”