ಬಾಗಿಲು ತಡೆಯುವ ಶಾಸ್ತ್ರ

"ನಾ ಒಲ್ಲೆ. ಹೋಗಿ ಹೇಳಿಬಿಡು," ಎಂದಳು ಅನ್ನಪೂರ್ಣ. ಹಣೆಗೆ ಬಾಸಿಂಗ ಕಟ್ಟಿಯಾಗಿತ್ತು. ಕಂಪ್ಲಿಯ ಆ ಕಲ್ಯಾಣ ಮಂಟಪದ ಕೋಣೆಯಲ್ಲಿ ಮದುಮಗಳ ಜೊತೆ ಇದ್ದವಳು ಕಳಸ ಹಿಡಿದ ಗೆಳತಿ ಸಂಘಮಿತ್ರಾ ಒಬ್ಬಳೇ.

ಅನ್ನಪೂರ್ಣ ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಮದುವೆಯ ನಂತರವೂ ಕೆಲಸ ಬಿಡುವುದಿಲ್ಲ ಎಂದು ಮೊದಲೇ ಮಾತಾಗಿತ್ತು. ಈಗ ಹೆಡ್ ನರ್ಸ್ ಫೋನ್ ಮಾಡಿ ಶುಭ ಹಾರೈಸಿದ್ದರು. ಹಾಗೆಯೇ, ಅವಳು ಕೆಲಸ ಬಿಡುತ್ತಾಳೆಂದು ಮದುಮಗ ಹೋದ ವಾರವೇ ಬಂದು ಹೇಳಿಹೋದರೆಂದೂ, ಅವಳ ಜಾಗಕ್ಕೆ ಬೇರೆಯವರು ಬಂದಾಯಿತೆಂದೂ ತಿಳಿಸಿದ್ದರು. ಮದುಮಗ, ಕುರೆಕುಪ್ಪದ ರೇವಣಸಿದ್ದ, ಅವಳ ಪರವಾಗಿ ಅವಳ ಕೆಲಸ ಬಿಟ್ಟುಬಂದಿದ್ದ, ಅವಳಿಗೊಂದು ಮಾತೂ ಹೇಳದೆ.

"ನಾನ್ಯಾಕ? ನೀನ ಹೇಳು," ಎಂದಳು ಸಂಘಮಿತ್ರಾ.

"ಇವತ್ತು ನನ್ನ ಬಾಯಿ ನೀನ ಅಲ್ಲೇನ?"

ಅದೂ ನಿಜವೇ. ಸೋದರತ್ತೆ ಅಕ್ಕನಾಗಮ್ಮ ಬೆಳಿಗ್ಗೆಯೇ ಕಟ್ಟಪ್ಪಣೆ ಮಾಡಿದ್ದಳು: ಮದುಮಗಳು ಮಾತಾಡುವಂತಿಲ್ಲ, ನೀರು ಬೇಕಾದರೂ ಕಳಸಗಿತ್ತಿಯೇ ಕೇಳಬೇಕು. ಬೆವರು ಒರೆಸುವುದು, ಸೆರಗು ಸರಿಮಾಡುವುದು, ಮದುಮಗಳು ಉಣ್ಣುವ ತನಕ ತಾನೂ ಉಪವಾಸ ಇರುವುದು, ಎಲ್ಲವೂ ಅವಳ ಪಾಲಿನದು. ಸಂಘಮಿತ್ರಾ ಚಾಚೂ ತಪ್ಪದೆ ಮಾಡಿದ್ದಳು.

ಹೊರಗೆ ಬ್ಯಾಂಡು ನಿಂತಿತು. ಆ ಮನೆತನದಲ್ಲಿ ಮದುಮಗನೇ ಬಂದು ಹುಡುಗಿಯನ್ನು ಕೋಣೆಯಿಂದ ಕರೆದೊಯ್ಯುವ ಪದ್ಧತಿ. ಕಳಸಗಿತ್ತಿ ಬಾಗಿಲು ತಡೆದು, ಹುಡುಗಿಯನ್ನು ಕೊಡುವುದಿಲ್ಲ ಎನ್ನಬೇಕು. ಅವನು ಪ್ರಾಸದ ಒಡಪು ಕಟ್ಟಿ ಅದರಲ್ಲಿ ಅವಳ ಹೆಸರು ಹೇಳಬೇಕು. ಎಷ್ಟು ಸತಾಯಿಸಿದರೆ ಅಷ್ಟು ಮೋಜು.

ಸಂಘಮಿತ್ರಾ ಕಳಸವನ್ನು ಸೊಂಟಕ್ಕೆ ಆನಿಸಿಕೊಂಡು ಇನ್ನೊಂದು ತೋಳನ್ನು ಬಾಗಿಲಿಗೆ ಅಡ್ಡ ಚಾಚಿದಳು. ಎದುರಿಗೆ ರೇವಣಸಿದ್ದ, ಅವನ ಹಿಂದೆ ಎರಡೂ ಕಡೆಯ ಬೀಗರು.

"ಹುಡುಗಿಗೆ ಈ ಮದುವಿ ಬ್ಯಾಡಂತ್ರಿ," ಎಂದಳು.

ಗುಂಪು ಹೋ ಎಂದು ನಕ್ಕಿತು. ರೇವಣಸಿದ್ದ ಪೇಟ ಸರಿಮಾಡಿಕೊಂಡ. "ಸಂಡೂರ ಗುಡ್ಡದಾಗ ಕೆಂಪು ಮಣ್ಣ, ಅನ್ನಪೂರ್ಣಾನ ಮ್ಯಾಲ ನನ್ನ ಕಣ್ಣ." ಚಪ್ಪಾಳೆ ಬಿತ್ತು.

"ಆಕೀನ ಕೇಳದ ನೌಕರಿ ಬಿಡಿಸೀರಿ. ತಮಾಷಿ ಅಲ್ರಿ ಇದು."

ಈ ಸಲ ನಗು ಇನ್ನೂ ಜೋರಾಯಿತು. ರೇವಣಸಿದ್ದನ ಮುಖ ಮಾತ್ರ ಒಂದು ಕ್ಷಣ ಬಿಗಿಯಿತು. ಅವನಿಗೆ ಅರ್ಥವಾಗಿತ್ತು. ಹಿಂದೆ ತಿರುಗಿ ನೋಡಿದ. ಉಳಿದ ಯಾರಿಗೂ ಅರ್ಥವಾಗಿರಲಿಲ್ಲ. ಧೈರ್ಯ ಬಂದು, ರೋಗಿಗಳಿಗಿಂತ ಈ ನರ್ಸಮ್ಮ ತನಗೇ ಹೆಚ್ಚು ಬೇಕೆಂಬ ಇನ್ನೊಂದು ಒಡಪನ್ನು ಮೊದಲಿಗಿಂತ ದೊಡ್ಡ ದನಿಯಲ್ಲಿ ಹೇಳಿದ.

ಅಕ್ಕನಾಗಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ಹೋದ ಮದುವ್ಯಾಗಿನ ಹುಡುಗಿ ಒಂದ ಒಡಪಿಗೆ ಬಾಗಲಾ ಬಿಟ್ಟಿದ್ಲು. ಕಳಸಗಿತ್ತಿ ಅಂದ್ರ ಹಿಂಗಿರಬೇಕವ್ವ."

ವಿಡಿಯೋದವನು ಜನರ ನಡುವೆ ನುಗ್ಗಿ ಮುಂದೆ ಬಂದ. "ಅಕ್ಕಾರ, ಆ ನೌಕರಿ ಮಾತು ಇನ್ನೊಮ್ಮಿ ಅನ್ರಿ. ಸ್ವಲ್ಪ ಇತ್ತಾಗ, ಬೆಳಕಿಗೆ ಮಾರಿ ಮಾಡ್ರಿ."

ಸಂಘಮಿತ್ರಾ ಬಾಯಿ ತೆರೆಯುವ ಮೊದಲೇ ಎಲ್ಲರ ಮುಖಗಳೂ ನಗಲು ಸಿದ್ಧವಾಗಿದ್ದವು. ಅಷ್ಟರಲ್ಲಿ ಅವಳ ತೋಳಿನ ಕೆಳಗಿನಿಂದ ಬಾಸಿಂಗ ಕಟ್ಟಿದ ತಲೆಯೊಂದು ಬಗ್ಗಿ ಹೊರಬಂದು, ನೆಟ್ಟಗಾಗಿ, ಬೆಳಕಿನ ಕಡೆಗೆ ತಿರುಗಿ, ತಾನೇ ಬಾಯಿ ತೆರೆಯಿತು.